ಒಂದು ಲಕ್ಷ ಹಾಕಿದ್ದಿದ್ದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ನಿವೃತ್ತ ಶಾಲಾ ಶಿಕ್ಷಕರೊಬ್ಬರು ನಮ್ಮ ಮನೆಗೆ ಬಂದು, ಗೆರೆ ಎಳೆದ ನೋಟುಪುಸ್ತಕವೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಎಡಗಡೆ ಕಂಪನಿಯ ಹೆಸರು, ಅದರ ಪಕ್ಕದಲ್ಲಿ ಅಂದಿನ ಬೆಲೆ, ಆಮೇಲೆ ಇಂದಿನ ಬೆಲೆ, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘1 ಲಕ್ಷ ಹಾಕಿದ್ದಿದ್ದರೆ’ ಎಂಬ ತಲೆಬರಹ. "ಸಾರ್, ಸಂಬಳದ ದಿನಗಳಲ್ಲಿ ಬೆಂಗಳೂರಿನಲ್ಲಿ ಒಂದು ಸೈಟು ಕೊಳ್ಳಲು ನನ್ನಿಂದ ಆಗಲಿಲ್ಲ. ಈಗ ಸೈಟಿನ ಬದಲು ಮನೆ ಕಟ್ಟಿಸುವ ಕಂಪನಿಯ ಷೇರು ಕೊಂಡಿಟ್ಟರೆ ಅದೇ ಫಲ ಸಿಗುವುದಿಲ್ಲವೇ?" ಎಂದು ಕೇಳಿದರು. ಅವರಂತೆಯೇ ಯೋಚಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸೈಟು ಬೇರೆ, ಷೇರು ಬೇರೆ ಎಂಬುದನ್ನು ಅವರಿಗೆ ಒಂದು ಕಂಪನಿಯ ಲೆಕ್ಕ ಹಿಡಿದು ವಿವರಿಸಿದೆ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ದೆಹಲಿಯಲ್ಲಿ 1946ರಲ್ಲಿ ಹುಟ್ಟಿ, ಮುಂದೆ ಗುರುಗ್ರಾಮದ ಹೊಲಗಳನ್ನು ನಗರವಾಗಿಸಿದ ಡಿಎಲ್‌ಎಫ್ ಕಂಪನಿ 2007ರ ಜೂನ್‌ನಲ್ಲಿ ಸಾರ್ವಜನಿಕರಿಗೆ ಷೇರು ಹಂಚಿತು. ಷೇರೊಂದಕ್ಕೆ ₹525ರಂತೆ ಸಂಗ್ರಹಿಸಿದ ಹಣ ₹9,000 ಕೋಟಿಯನ್ನು ಮೀರಿತ್ತು. ಅರ್ಜಿಯನ್ನು ಕಾಗದದ ಮೇಲೆ ತುಂಬಿ, ಚೆಕ್ಕು ಲಗತ್ತಿಸಿ ಕೊಡುತ್ತಿದ್ದ ಕಾಲ ಅದು. ಸಣ್ಣ ಹೂಡಿಕೆದಾರರ ವಿಭಾಗದಲ್ಲಿ ಆಗ ಗರಿಷ್ಠ 1 ಲಕ್ಷ ರೂಪಾಯಿಗೆ ಮಾತ್ರ ಅರ್ಜಿ ಹಾಕಬಹುದಿತ್ತು. ಹಾಗೆ ಒಬ್ಬರು ಅರ್ಜಿ ಹಾಕಿ, ₹99,750 ಕೊಟ್ಟು 190 ಷೇರು ಪಡೆದರು ಎಂದು ಭಾವಿಸೋಣ.

2008ರ ಜನವರಿಯಲ್ಲಿ ಆ ಷೇರಿನ ಬೆಲೆ ₹1,200 ದಾಟಿತು. ಹಾಕಿದ 1 ಲಕ್ಷವು ಆರೇ ತಿಂಗಳಲ್ಲಿ 2 ಲಕ್ಷ 28 ಸಾವಿರವಾಯಿತು. ಅದೇ ವರ್ಷ ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದು ಜಗತ್ತಿನ ಹಣದ ಹರಿವು ಬತ್ತಿದಾಗ, 2009ರ ಆರಂಭದ ಹೊತ್ತಿಗೆ ಬೆಲೆ ₹200ಕ್ಕಿಂತ ಕೆಳಗಿಳಿಯಿತು. ನಮ್ಮ ಹೂಡಿಕೆದಾರರ ಕೈಯಲ್ಲಿ ಉಳಿದದ್ದು 38 ಸಾವಿರಕ್ಕೂ ಕಡಿಮೆ. ಏಳು ವರ್ಷ ತಾಳ್ಮೆಯಿಂದ ಕಾದರೂ, 2016ರ ಆರಂಭದಲ್ಲಿ ಬೆಲೆ ₹100ರ ಕೆಳಗೆ, ಅಂದರೆ ಒಟ್ಟು ಮೊತ್ತ 19 ಸಾವಿರದೊಳಗೆ ಇತ್ತು. ಹೊರಟ ಬೆಲೆಯಾದ ₹525ನ್ನು ದಾಟಿ ನಿಲ್ಲಲು 2023ರ ಕೊನೆಯ ತಿಂಗಳುಗಳವರೆಗೆ, ಅಂದರೆ ಹದಿನಾರು ವರ್ಷ ಬೇಕಾಯಿತು.

ಅಸಲು ಕೈಸೇರಿತಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ. ಆದಾಯ ತೆರಿಗೆಯ ಲೆಕ್ಕಕ್ಕೆಂದು ಸರ್ಕಾರ ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕ 2007-08ರಲ್ಲಿ 129 ಇದ್ದದ್ದು 2023-24ರಲ್ಲಿ 348 ಆಯಿತು. ಈ ಸೂಚ್ಯಂಕದಂತೆ ₹525ರ ಬೆಲೆ ಸುಮಾರು ₹1,416 ಆಗಿದ್ದರೆ ಮಾತ್ರ ಅಸಲು ಉಳಿದಂತೆ. ಅದೇ 1 ಲಕ್ಷವನ್ನು ವರ್ಷಕ್ಕೆ ಶೇ 7ರ ಚಕ್ರಬಡ್ಡಿಯಲ್ಲಿ ಇಟ್ಟಿದ್ದರೆ ಹದಿನಾರು ವರ್ಷಕ್ಕೆ 2 ಲಕ್ಷ 95 ಸಾವಿರ ದಾಟುತ್ತಿತ್ತು. 15 ಸಾವಿರದ ಆಸುಪಾಸಿನಲ್ಲಿದ್ದ, ಮುಂಬೈ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಈ ಅವಧಿಯಲ್ಲಿ 65 ಸಾವಿರ ಮುಟ್ಟಿ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಇನ್ನು ಲಾಭಾಂಶ: ಕಂಪನಿ ಬಹುಪಾಲು ವರ್ಷ ಷೇರಿಗೆ ₹2ರಂತೆ ಕೊಟ್ಟಿದೆ. 190 ಷೇರಿಗೆ ವರ್ಷಕ್ಕೆ ₹380.

ಇಲ್ಲಿಗೆ ಬರುವಷ್ಟರಲ್ಲಿ ಮೇಷ್ಟ್ರು ನನ್ನನ್ನು ತಡೆದು ಕೇಳಿದರು: "ಆ ಹದಿನಾರು ವರ್ಷದಲ್ಲಿ ಗುರುಗ್ರಾಮದ ಜಾಗದ ಬೆಲೆ ಏರಲಿಲ್ಲವೇ?" ಏರಿತು. ಹಾಗಾದರೆ ಆ ಏರಿಕೆ ಷೇರುದಾರರನ್ನು ಏಕೆ ತಲುಪಲಿಲ್ಲ ಎಂಬುದೇ ಈ ವಿಷಯದ ತಿರುಳು ಎಂದು ನಾನು ಭಾವಿಸುತ್ತೇನೆ.

ನೀವು ನಗದು ಕೊಟ್ಟು ಕೊಂಡ ಸೈಟಿಗೆ ಬೇಲಿ ಹಾಕಿ ಬಿಟ್ಟರೆ ಅದು ಹಾಗೆಯೇ ಇರುತ್ತದೆ. ಅದರ ಮೇಲೆ ಬಡ್ಡಿ ಬೆಳೆಯುವುದಿಲ್ಲ, ನಿಮಗೆ ತಿಳಿಯದಂತೆ ಅದರಲ್ಲಿ ಪಾಲುದಾರರು ಹೆಚ್ಚುವುದಿಲ್ಲ. ಕಂಪನಿಯ ಕೈಯಲ್ಲಿರುವ ಭೂಮಿಯ ಸ್ಥಿತಿ ಹಾಗಲ್ಲ. ಅದರಲ್ಲಿ ಸಾಲದಿಂದ ಕೊಂಡದ್ದೂ ಇರುತ್ತದೆ. ಡಿಎಲ್‌ಎಫ್‌ನ ಸಾಲ 2012ರ ಸುಮಾರಿಗೆ ₹20,000 ಕೋಟಿಯನ್ನು ಮೀರಿತ್ತು, ಮತ್ತು ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2011ರ ಅಕ್ಟೋಬರ್‌ನಲ್ಲಿ ಶೇ 8.5ಕ್ಕೆ ಏರಿದ್ದ ಕಾಲದಲ್ಲಿ ಅಷ್ಟು ದೊಡ್ಡ ಸಾಲದ ಬಡ್ಡಿ, ಮಾರಾಟವಾಗದೆ ನಿಂತ ಪ್ರತಿಯೊಂದು ಎಕರೆಯನ್ನೂ ಹಗಲಿರುಳು ಕೊರೆಯುತ್ತಿತ್ತು. ಸಾಲ ಇಳಿಸಲು ಮುಂಬೈಯ ಲೋವರ್ ಪರೇಲ್‌ನ ಗಿರಣಿ ಜಾಗವನ್ನು 2012ರಲ್ಲಿ ಸುಮಾರು ₹2,700 ಕೋಟಿಗೆ ಮಾರಿದರು. 2014ರಲ್ಲಿ ಅಮಾನ್ ಎಂಬ ಐಷಾರಾಮಿ ಹೋಟೆಲು ಸಮೂಹವನ್ನೂ ಬಿಟ್ಟುಕೊಟ್ಟರು.

ಅದೂ ಸಾಲದೆ ಹೊಸ ಷೇರುಗಳನ್ನು ಹೊರಡಿಸಿ ಹಣ ತಂದರು. 2007ರಲ್ಲಿ ಸುಮಾರು 170 ಕೋಟಿ ಇದ್ದ ಷೇರುಗಳ ಸಂಖ್ಯೆ ಈಗ 247 ಕೋಟಿ ದಾಟಿದೆ. ಇದನ್ನು ನಿಧಾನವಾಗಿ ಗಮನಿಸಬೇಕು. ₹525ರ ಬೆಲೆಯಲ್ಲಿ ಇಡೀ ಕಂಪನಿಯ ಮಾರುಕಟ್ಟೆ ಮೌಲ್ಯ ಆಗ ಸುಮಾರು ₹89,000 ಕೋಟಿ. ಹದಿನಾರು ವರ್ಷದ ಮೇಲೆ ಅದೇ ₹525ಕ್ಕೆ ಸುಮಾರು ₹1 ಲಕ್ಷ 30 ಸಾವಿರ ಕೋಟಿ. ಕಂಪನಿ ಬೆಳೆಯಿತು, ಆದರೆ ರೊಟ್ಟಿ ದೊಡ್ಡದಾದಂತೆ ಪಂಕ್ತಿಯೂ ಉದ್ದವಾಯಿತು. ಮೊದಲು ಕುಳಿತವರ ಎಲೆಗೆ ಬಿದ್ದದ್ದು ಹಿಂದಿನಷ್ಟೇ ತುಂಡು.

ಬೆಂಗಳೂರಿನ ಕಂಪನಿಗಳ ಕಥೆಯೂ ಸರಳರೇಖೆಯಲ್ಲ. 2006ರ ಡಿಸೆಂಬರ್‌ನಲ್ಲಿ ಜನ ಮುಗಿಬಿದ್ದು ₹640ಕ್ಕೆ ಪಡೆದ ಶೋಭಾ ಷೇರು 2009ರಲ್ಲಿ ₹100ರ ಕೆಳಗೆ ಕುಸಿದು, ಮತ್ತೆ ಆ ₹640ನ್ನು ಕಾಣಲು ಸುಮಾರು ಒಂದು ದಶಕ ಹಿಡಿಯಿತು. 2010ರ ಅಕ್ಟೋಬರ್‌ನಲ್ಲಿ ಪ್ರೆಸ್ಟೀಜ್ ಷೇರನ್ನು ₹183ಕ್ಕೆ ಪಡೆದವರ ಅನುಭವ ಬೇರೆ: ಮರುವರ್ಷವೇ ಬೆಲೆ ₹100ರ ಕೆಳಗೆ ಹೋದರೂ, 2023ರ ಕೊನೆಗೆ ₹1,000 ದಾಟಿದಾಗ ಅವರಿಗೆ ಹದಿಮೂರು ವರ್ಷಗಳಲ್ಲಿ ವರ್ಷಕ್ಕೆ ಸರಿಸುಮಾರು ಶೇ 14ರ ಗಳಿಕೆ ಆಗಿತ್ತು. ಇದು ಒಳ್ಳೆಯ ಗಳಿಕೆಯೇ. ಆದರೆ ಹಂಚಿಕೆ ನಡೆದದ್ದು ಉಬ್ಬರದ ಕಾಲದಲ್ಲಲ್ಲ, ಉಬ್ಬರ ಇಳಿದ ಮೇಲೆ ಎಂಬುದನ್ನು ಮರೆಯಬಾರದು.

ಆರಂಭದ ದಿನ ಎಷ್ಟು ಮುಖ್ಯವೆಂದು ತಿಳಿಯಲು ಡಿಎಲ್‌ಎಫ್ ಲೆಕ್ಕವನ್ನೇ ಇನ್ನೊಮ್ಮೆ ತಿರುಗಿಸಿ ನೋಡಬಹುದು. 2016ರ ಆರಂಭದಲ್ಲಿ ₹100ಕ್ಕೆ ಕೊಂಡವರಿಗೆ ಏಳೂವರೆ ವರ್ಷದಲ್ಲಿ ಹಣ ಐದು ಪಟ್ಟಾಯಿತು, ಅಂದರೆ ವರ್ಷಕ್ಕೆ ಶೇ 24ರಷ್ಟು. ಕಂಪನಿ ಒಂದೇ, ಮಾರಿದ ದಿನವೂ ಒಂದೇ. ₹525ಕ್ಕೆ 1 ಲಕ್ಷ ಹಾಕಿದವರು, ಬೆಲೆ ₹105 ಇದ್ದಾಗ ಇನ್ನೊಂದು ಲಕ್ಷ ಹಾಕಿದ್ದರೆ ಅವರ ಸರಾಸರಿ ಖರೀದಿ ಬೆಲೆ ₹175ಕ್ಕೆ ಇಳಿಯುತ್ತಿತ್ತು. ಮೊದಲ ಲಕ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಕರಗಿರುವಾಗ ಎರಡನೆಯ ಲಕ್ಷ ತೆಗೆಯುವ ಧೈರ್ಯ ಸಂಸಾರಸ್ಥರಿಗೆ ಬರುತ್ತದೆಯೇ? ನನಗೆ ಬರುತ್ತಿರಲಿಲ್ಲ. ಕಾಗದದ ಮೇಲಿನ ಲೆಕ್ಕದಲ್ಲಿ ಮಗಳ ಮದುವೆಯೂ ಇಲ್ಲ, ಆಸ್ಪತ್ರೆಯ ಬಿಲ್ಲೂ ಇಲ್ಲ.

ಹಾಗೆ ಕಾದವರೆಲ್ಲ ಅಸಲು ಕಂಡರೆಂದೂ ಹೇಳಲಾಗದು. 2008ರ ಜನವರಿಯಲ್ಲಿ ₹500 ದಾಟಿದ್ದ ಯೂನಿಟೆಕ್ ಷೇರು ಮುಂದೆ ಒಂದಂಕಿಗೆ ಇಳಿಯಿತು. ಮನೆಗೆ ಹಣ ಕಟ್ಟಿದ ಸಾವಿರಾರು ಜನ ಅತಂತ್ರರಾಗಿ, ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯೊಂದಿಗೆ ಕೇಂದ್ರ ಸರ್ಕಾರವೇ ಅದರ ಆಡಳಿತ ವಹಿಸಿಕೊಂಡಿತು. ಮೇಷ್ಟ್ರ ಪುಸ್ತಕದಲ್ಲಿ ಯೂನಿಟೆಕ್ ಹೆಸರು ಇರಲಿಲ್ಲ. ಇರುವುದೂ ಇಲ್ಲ, ಏಕೆಂದರೆ ನಾವು ಇಂತಹ ಪಟ್ಟಿ ಮಾಡುವುದೇ ಇಂದು ಎದ್ದು ಕಾಣುವ ಹೆಸರುಗಳನ್ನು ಆರಿಸಿಕೊಂಡು.

2017ರಿಂದ ಪೂರ್ಣವಾಗಿ ಜಾರಿಗೆ ಬಂದ, ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ, ಖರೀದಿದಾರರಿಂದ ಬಂದ ಹಣದ ಶೇ 70ನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಯೇ ಇಡಬೇಕೆಂದು ವಿಧಿಸಿರುವುದರಿಂದ, ಒಂದು ಕಡೆಯ ಹಣದಲ್ಲಿ ಇನ್ನೊಂದು ಕಡೆ ಭೂಮಿ ಕೊಳ್ಳುವ ಹಳೆಯ ಚಾಳಿಗೆ ಕಡಿವಾಣ ಬಿದ್ದಿದೆ. ಇದನ್ನು ಸಂತೋಷದಿಂದಲೇ ಹೇಳುತ್ತೇನೆ. ಆದರೂ ಸಾಲ ಮತ್ತು ಷೇರುಗಳ ಸಂಖ್ಯೆ ಎರಡನ್ನೂ ಹೂಡಿಕೆದಾರರೇ ನೋಡಿಕೊಳ್ಳಬೇಕು.

ಮೇಷ್ಟ್ರು ಅಂದು ಪುಸ್ತಕದಲ್ಲಿ ಇನ್ನೆರಡು ಗೆರೆ ಎಳೆದು, ‘ಅಂದಿನ ಷೇರುಗಳು, ಇಂದಿನ ಷೇರುಗಳು’ ಎಂದು ಒಂದರಲ್ಲಿ, ‘ಸಾಲ’ ಎಂದು ಇನ್ನೊಂದರಲ್ಲಿ ಬರೆದುಕೊಂಡರು. ಈಗ ಬೆಂಗಳೂರಿನ ಕಂಪನಿಯೊಂದರ ವಾರ್ಷಿಕ ವರದಿ ಓದುತ್ತಿದ್ದಾರೆ. ಮೊನ್ನೆ ಫೋನು ಮಾಡಿ, ಗ್ರಾಹಕರು ಕೊಟ್ಟ ಮುಂಗಡವನ್ನು ಆದಾಯದಲ್ಲಿ ತೋರಿಸದೆ ಹೊಣೆಗಾರಿಕೆಯ ಪಟ್ಟಿಯಲ್ಲಿ ಏಕೆ ತೋರಿಸಿದ್ದಾರೆ ಎಂದು ಕೇಳಿದರು. ಸಾಮಾನ್ಯವಾಗಿ ಮನೆಯ ಬೀಗದ ಕೈ ಕೊಡುವವರೆಗೂ ಆ ಹಣ ಕಂಪನಿಯ ಗಳಿಕೆಯಲ್ಲ, ಅದು ಕಂಪನಿಯು ಮನೆಯ ರೂಪದಲ್ಲಿ ತೀರಿಸಬೇಕಾದ ಬಾಕಿ ಎಂದು ಹೇಳಿದೆ. "ತಡೆಯಿರಿ, ಬರೆದುಕೊಳ್ಳುತ್ತೇನೆ" ಎಂದರು.

ನಮಸ್ಕಾರ.