ಕಪ್ಪು ಶಕ್ತಿ ಕಾಲದೊಂದಿಗೆ ಬದಲಾಗುತ್ತಿದೆಯೇ?

ಎಲ್ಲರಿಗೂ ನಮಸ್ಕಾರ.

ವಿಶ್ವ ಹಿಗ್ಗುತ್ತಿರುವ ವೇಗ ಕುಗ್ಗುತ್ತಿಲ್ಲ, ಏರುತ್ತಿದೆ ಎಂದು 1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. ಒಂದರ ಮುಂದಾಳು ಸಾಲ್ ಪರ್ಲ್‌ಮಟರ್. ಇನ್ನೊಂದರಲ್ಲಿ ಬ್ರಯನ್ ಶ್ಮಿಟ್, ಆಡಮ್ ರೀಸ್ ಇದ್ದರು. ಈ ವೇಗದ ಏರಿಕೆಗೆ ಕಾರಣವಾದದ್ದನ್ನು ಕಪ್ಪು ಶಕ್ತಿ ಎನ್ನುತ್ತೇವೆ. ವಿಶ್ವದ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 70ರಷ್ಟು ಇದೇ. ಅದರ ಸಾಂದ್ರತೆ ಎಂದೆಂದಿಗೂ ಒಂದೇ ಆಗಿದೆಯೇ ಎಂಬುದು ಇಂದಿನ ಪ್ರಶ್ನೆ.

ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಕ್ಕೆ ಸೇರಿಸಿದ ವಿಶ್ವಸ್ಥಿರಾಂಕವೇ ಕಪ್ಪು ಶಕ್ತಿಯಾಗಿದ್ದರೆ ಉತ್ತರ ಸರಳ: ವಿಶ್ವ ಎಷ್ಟು ಹಿಗ್ಗಿದರೂ ಪ್ರತಿ ಘನ ಮೀಟರಿನಲ್ಲಿ ಅಷ್ಟೇ ಶಕ್ತಿ. ಆಗ ಒತ್ತಡಕ್ಕೂ ಸಾಂದ್ರತೆಗೂ ಇರುವ ಅನುಪಾತ, ನಾವು ‘ಡಬ್ಲ್ಯೂ’ ಎಂದು ಕರೆಯುವ ಸಂಖ್ಯೆ, ಯಾವ ಕಾಲದಲ್ಲೂ ಮೈನಸ್ 1.

ಈ ಸಂಖ್ಯೆಯನ್ನು ನೇರವಾಗಿ ಅಳೆಯಲಾಗದು. ಯಾವ ಕಾಲದಲ್ಲಿ ವಿಶ್ವ ಎಷ್ಟು ವೇಗವಾಗಿ ಹಿಗ್ಗಿತು ಎಂಬ ಚರಿತ್ರೆಯಿಂದ ಅದನ್ನು ಹೊರತೆಗೆಯಬೇಕು. ಅದಕ್ಕೆ ನಂಬಬಹುದಾದ ದೂರಗಳು ಬೇಕು. ನನಗೆ ಅತ್ಯಂತ ಮೆಚ್ಚುಗೆಯಾದ ಅಳತೆಗೋಲನ್ನು ಆದಿವಿಶ್ವವೇ ಒದಗಿಸಿದೆ. ಮಹಾಸ್ಫೋಟದ ನಂತರ ಬಿಸಿ ಪ್ಲಾಸ್ಮಾದಲ್ಲಿ ಶಬ್ದದ ಅಲೆಗಳು ಹರಡುತ್ತಿದ್ದವು. ಸುಮಾರು 3.8 ಲಕ್ಷ ವರ್ಷ ಕಳೆದಾಗ ಪ್ಲಾಸ್ಮಾ ತಣಿದು ಪರಮಾಣುಗಳು ಮೂಡಿದವು, ಅಲೆಗಳ ಓಟ ನಿಂತಿತು. ಅಷ್ಟರಲ್ಲಿ ಅವು ಸಾಗಿದ್ದ ದೂರ ಇಂದಿನ ಲೆಕ್ಕದಲ್ಲಿ ಸುಮಾರು 48 ಕೋಟಿ ಜ್ಯೋತಿರ್ವರ್ಷ. ಗ್ಯಾಲಕ್ಸಿಗಳ ಜೋಡಿಗಳು ಆ ಅಂತರದಲ್ಲಿ ತುಸು ಹೆಚ್ಚಾಗಿಯೇ ಸಿಗುತ್ತವೆ. 2005ರಲ್ಲಿ ಇದು ಸ್ಪಷ್ಟವಾಗಿ ಪತ್ತೆಯಾಯಿತು. ನಿಜವಾದ ಉದ್ದ ಗೊತ್ತಿದ್ದ ಮೇಲೆ, ಆಕಾಶದಲ್ಲಿ ಅದು ಎಷ್ಟು ಕೋನ ತುಂಬುತ್ತದೆ ಎಂದು ನೋಡಿದರೆ ದೂರ ತಿಳಿಯುತ್ತದೆ.

ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿ, 4 ಮೀಟರ್ ದೂರದರ್ಶಕಕ್ಕೆ ಜೋಡಿಸಿರುವ ಡೆಸಿ ಎಂಬ ಉಪಕರಣ ಮಾಡುತ್ತಿರುವುದು ಇದನ್ನೇ. ಅದರ 5,000 ಪುಟ್ಟ ರೋಬೋಟ್‌ಗಳು ಬೆಳಕನ್ನು ಸಾಗಿಸುವ ಒಂದೊಂದು ಎಳೆಯನ್ನು ಒಂದೊಂದು ಗ್ಯಾಲಕ್ಸಿಯತ್ತ ತಿರುಗಿಸುತ್ತವೆ. 2025ರ ಮಾರ್ಚ್‌ನಲ್ಲಿ 1.4 ಕೋಟಿಗೂ ಹೆಚ್ಚು ಗ್ಯಾಲಕ್ಸಿ ಮತ್ತು ಕ್ವೇಸಾರ್‌ಗಳ, ಅಂದರೆ ಅತಿ ಪ್ರಖರವಾಗಿ ಹೊಳೆಯುವ ಗ್ಯಾಲಕ್ಸಿ ಕೇಂದ್ರಗಳ, ಫಲಿತಾಂಶ ಹೊರಬಂತು.

ಇಲ್ಲಿ ದಯವಿಟ್ಟು ಗಮನವಿಟ್ಟು ಕೇಳಿ, ಪತ್ರಿಕೆಗಳ ತಲೆಬರಹಗಳಲ್ಲಿ ತಪ್ಪಿಹೋದ ಭಾಗ ಇದು. ಡೆಸಿಯ ದತ್ತಾಂಶವನ್ನಷ್ಟೇ ನೋಡಿದರೆ ಸ್ಥಿರಾಂಕಕ್ಕೆ ಯಾವ ಕುತ್ತೂ ಇಲ್ಲ. ಆದಿವಿಶ್ವದಿಂದ ಉಳಿದುಬಂದ ಬೆಳಕಾದ ವಿಶ್ವದ ಹಿನ್ನೆಲೆ ವಿಕಿರಣದ ಅಳತೆಯನ್ನು ಜೊತೆಗಿಟ್ಟಾಗ, ಸ್ಥಿರಾಂಕದ ಲೆಕ್ಕಕ್ಕೂ ದತ್ತಾಂಶಕ್ಕೂ ನಡುವೆ 3.1 ಸಿಗ್ಮಾದಷ್ಟು ಬಿರುಕು ಕಾಣುತ್ತದೆ. ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ. ಹೊಳಪಿನಿಂದ ದೂರ ತಿಳಿಸುವ ಸ್ಫೋಟಿಸಿದ ನಕ್ಷತ್ರಗಳಾದ ಸೂಪರ್‌ನೋವಾಗಳನ್ನೂ ಸೇರಿಸಿದರೆ, ಅವುಗಳ ಯಾವ ಪಟ್ಟಿಯನ್ನು ಆರಿಸಿಕೊಂಡಿರಿ ಎಂಬುದರ ಮೇಲೆ ಅದು 2.8ರಿಂದ 4.2ರವರೆಗೆ ಏರಿಳಿಯುತ್ತದೆ. ಆವಿಷ್ಕಾರ ಎನ್ನಲು ವಾಡಿಕೆಯಂತೆ 5 ಬೇಕು. ಪಟ್ಟಿ ಬದಲಾದರೆ ಉತ್ತರದ ಬಲವೂ ಬದಲಾಗುತ್ತದೆ ಎಂದಮೇಲೆ, ಅನುಮಾನವನ್ನು ಮೊದಲು ಪಟ್ಟಿಗಳ ಮೇಲೆಯೇ ಇಡಬೇಕು. ಹತ್ತಿರದ ಸೂಪರ್‌ನೋವಾಗಳಲ್ಲಿ ಬಹುಪಾಲು ಹಳೆಯ, ಬೇರೆಬೇರೆ ದೂರದರ್ಶಕಗಳಿಂದ ಬಂದವು. ಅವುಗಳ ಹೊಳಪಿನಲ್ಲಿ ಶೇಕಡಾ ಕೆಲವೇ ಅಂಶದ ವ್ಯತ್ಯಾಸವಾದರೂ ಫಲಿತಾಂಶ ಸರಿದುಬಿಡುತ್ತದೆ.

ಇನ್ನೊಂದು ತೊಡಕು ಸಿದ್ಧಾಂತದ್ದು. ಈ ದತ್ತಾಂಶಕ್ಕೆ ಹೊಂದುವ ಡಬ್ಲ್ಯೂ ಇಂದು ಮೈನಸ್ 1ಕ್ಕಿಂತ ಮೇಲಿದೆ, ಹಿಂದೆ ಅದಕ್ಕಿಂತ ಕೆಳಗಿತ್ತು. ಅಂದರೆ ಕಪ್ಪು ಶಕ್ತಿಯ ಸಾಂದ್ರತೆ ಒಂದು ಕಾಲದವರೆಗೆ ಹೆಚ್ಚಿ, ಈಗ ಕ್ಷೀಣಿಸುತ್ತಿದೆ. ಕಪ್ಪು ಶಕ್ತಿ ಎಂದರೆ ಜಾಗವನ್ನೆಲ್ಲ ತುಂಬಿದ ಸರಳವಾದ ಒಂಟಿ ಕ್ಷೇತ್ರ ಎಂದುಕೊಂಡರೆ, ಅದು ಮೈನಸ್ 1ರ ಆ ಗೆರೆಯನ್ನು ದಾಟಲಾರದು.

ಹಾಗಾಗಿ ನನ್ನ ಕಣ್ಣು ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ ಮೇಲಿದೆ. ಹತ್ತಿರದ ಮತ್ತು ದೂರದ ಸೂಪರ್‌ನೋವಾಗಳನ್ನು ಅದು ಒಂದೇ ಕ್ಯಾಮೆರಾದಿಂದ ಅಳೆಯಲಿದೆ. ಹಾಗೆ ಅಳೆದ ಮೇಲೂ ಬಿರುಕು ಉಳಿದರೆ ವಿಶ್ವಸ್ಥಿರಾಂಕವನ್ನು ಕೈಬಿಡುವ ಮಾತನ್ನು ಗಂಭೀರವಾಗಿ ಆಡಬಹುದು.