ಡಾರ್ಸಿ ಮದುವೆ ಆದ್ಮೇಲೆ ಏನಾಯ್ತು?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಂಗೆ ಕೊಟ್ಟಿರೋ ವಿಷಯ ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಕಾದಂಬರಿಗಳಿಗೆ ಈಗಿನವರು ಬರೀತಿರೋ ಮುಂದಿನ ಭಾಗಗಳು, ಅಂದ್ರೆ ಸೀಕ್ವೆಲ್‌ಗಳು, ಮತ್ತೆ ಫ್ಯಾನ್ ಫಿಕ್ಷನ್ನು, ಅಂದ್ರೆ ಅಭಿಮಾನಿಗಳು ಅವೇ ಪಾತ್ರಗಳನ್ನ ಇಟ್ಕೊಂಡು ಬರೆಯೋ ಕಥೆಗಳು. ಈ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡಿರೋರು ಯಾರು ಅಂತ ನಂಗೊಂದು ಅಂದಾಜಿದೆ. ಬಿ.ಎ. ಓದುವಾಗ ಪ್ರೈಡ್ ಅಂಡ್ ಪ್ರೆಜುಡಿಸ್ ಓದಿ ಪರೀಕ್ಷೆ ಮುಗಿದ ಮಾರನೇ ದಿನ ಮರೆತೋರು, ಫೋನಲ್ಲಿ ಧಾರಾವಾಹಿ ಕಥೆ ಓದೋರು, ಅವರಲ್ಲೇ ಕೆಲವರು ಮನೇಲಿ ಯಾರಿಗೂ ಹೇಳ್ದೆ ಬರೆಯೋರೂ ಇದೀರಿ. ನಿಮಗೇ ಹೇಳ್ತಿರೋದು.

ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಆಸ್ಟಿನ್ ಬಿಟ್ಟಿದ್ದನ್ನ ಬರೀರಿ, ಬರೆದಿದ್ದನ್ನ ಮತ್ತೆ ಬರೀಬೇಡಿ. ಅಷ್ಟೇ.

ಆಕೆ ಹುಟ್ಟಿದ್ದು 1775ರಲ್ಲಿ, ತೀರ್ಕೊಂಡಿದ್ದು 1817ರಲ್ಲಿ, ಬರೀ 41 ವರ್ಷ. ಪೂರ್ತಿ ಮಾಡಿದ ದೊಡ್ಡ ಕಾದಂಬರಿ ಆರೇ ಆರು, ಆರೂ ಮದುವೇಲೇ ಮುಗಿಯೋದು. ಊಟ ಆಯ್ತು, ಎಲೆ ಎತ್ತೋಕೆ ಬಂದ್ರು, ಓದುಗರಿಗೆ ಮಾತ್ರ ಪಂಕ್ತಿಯಿಂದ ಏಳೋಕೆ ಮನಸ್ಸೇ ಇಲ್ಲ. ಆಮೇಲೇನಾಯ್ತು, ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿಯ ನಾಯಕ ಡಾರ್ಸಿ, ನಾಯಕಿ ಎಲಿಜಬೆತ್ ಚೆನ್ನಾಗಿದ್ರಾ, ಆ ಮೋಸಗಾರ ವಿಕಮ್ ಸುಧಾರಿಸಿದ್ನಾ, ಈ ಚಡಪಡಿಕೆಯಿಂದ್ಲೇ ಈ ಪುಸ್ತಕಗಳೆಲ್ಲ ಹುಟ್ಟಿದ್ದು.

ಈ ಮಾತು ಎತ್ತಿದ ತಕ್ಷಣ ಕೆಲವು ಮೇಷ್ಟ್ರುಗಳು ಮೂಗು ಮುರೀತಾರೆ, ಇದು ಸಾಹಿತ್ಯನೇ ಅಲ್ಲ ಕಣ್ರೀ ಕಳ್ಳತನ ಅಂತಾರೆ. ಇನ್ನು ಕೆಲವರು ಇದನ್ನ ಸಮರ್ಥಿಸೋಕೆ ಪಂಪ, ಕುಮಾರವ್ಯಾಸರನ್ನ ಎಳ್ಕೊಂಡು ಬರ್ತಾರೆ, ಅಷ್ಟು ದೂರ ಹೋಗೋ ಅಗತ್ಯನೇ ಇಲ್ಲ. ಯಾಕಂದ್ರೆ ಆಸ್ಟಿನ್ ಪಾತ್ರಗಳನ್ನ ಇಟ್ಕೊಂಡು ಕಾದಂಬರಿ ಆಚೆಗೆ ಕಥೆ ಕಟ್ಟಿದ ಮೊದಲನೇ ಮನುಷ್ಯ ಜೇನ್ ಆಸ್ಟಿನ್ನೇ! ನಂಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಇದೆ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಹೇಳೇ ಹೇಳ್ತೀನಿ.

1813ನೇ ಇಸವಿ, ಮೇ ತಿಂಗಳು. ಪ್ರೈಡ್ ಅಂಡ್ ಪ್ರೆಜುಡಿಸ್ ಜನವರೀಲಿ ಅಚ್ಚಾಗಿದೆ, ಪುಸ್ತಕದ ಮೇಲೆ ಆಕೆ ಹೆಸರಿಲ್ಲ, ಸೆನ್ಸ್ ಅಂಡ್ ಸೆನ್ಸಿಬಿಲಿಟಿ ಬರೆದವರದ್ದು ಅಂತಷ್ಟೇ ಇದೆ. ಆಕೆ ಲಂಡನ್‌ಗೆ ಬಂದು ಅಣ್ಣ ಹೆನ್ರಿ ಮನೇಲಿ ಉಳ್ಕೊಂಡಿದಾಳೆ. ಅಣ್ಣ ತಂಗಿ ಇಬ್ರೂ ಸ್ಪ್ರಿಂಗ್ ಗಾರ್ಡನ್ಸ್ ಅನ್ನೋ ಕಡೆ ಚಿತ್ರಗಳ ಪ್ರದರ್ಶನ ನೋಡೋಕೆ ಹೋಗ್ತಾರೆ. ಆಮೇಲೆ ಊರಲ್ಲಿರೋ ಅಕ್ಕ ಕಸಾಂಡ್ರಾಗೆ ಕಾಗದ ಬರೀತಾಳೆ ನೋಡಿ, ಅದರಲ್ಲಿ ಏನಿದೆ ಅಂದ್ರೆ, ಅಲ್ಲಿ ಮಿಸೆಸ್ ಬಿಂಗ್ಲಿಯ ಒಂದು ಚಿಕ್ಕ ಚಿತ್ರ ಸಿಕ್ತು, ಥೇಟ್ ಅವಳೇ, ಅದೇ ಮುಖ, ಅದೇ ಮೈಕಟ್ಟು, ಅದೇ ಸೌಮ್ಯ! ಮಿಸೆಸ್ ಬಿಂಗ್ಲಿ ಯಾರು? ಕಾದಂಬರಿಯ ಬೆನೆಟ್ ಮನೆಯ ದೊಡ್ಡ ಮಗಳು, ಎಲಿಜಬೆತ್ ಅಕ್ಕ ಜೇನ್ ಬೆನೆಟ್, ಮದುವೆ ಆದ್ಮೇಲಿನ ಹೆಸರು. ಅಂದ್ರೆ ಯಾರೋ ಒಬ್ಬ ಹೆಂಗಸಿನ ಚಿತ್ರ ಗೋಡೆ ಮೇಲಿದೆ, ಈಕೆ ಅದರ ಮುಂದೆ ನಿಂತು ಇವಳು ನಮ್ಮ ಜೇನ್ ಅಂತ ತೀರ್ಮಾನ ಮಾಡಿದಾಳೆ. ಬಿಳೀ ಗೌನು, ಹಸಿರು ಅಲಂಕಾರ ಹಾಕ್ಕೊಂಡಿದಾಳೆ, ಅವಳಿಗೆ ಹಸಿರು ಇಷ್ಟ ಅಂತ ನಂಗೆ ಮೊದಲಿಂದ್ಲೂ ಅನುಮಾನ ಇತ್ತು, ಈಗ ಖಾತ್ರಿ ಆಯ್ತು ಅಂತಾಳೆ. ಮಿಸೆಸ್ ಡಾರ್ಸಿ ಹಳದೀಲಿ ಇರ್ತಾಳೆ ನೋಡ್ತಿರು ಅಂತ ಬೇರೆ ಸೇರಿಸ್ತಾಳೆ.

ಆಮೇಲೆ ಆ ಹಳದಿ ಬಟ್ಟೆಯವಳನ್ನ ಹುಡುಕ್ಕೊಂಡು ಇನ್ನೂ ಎರಡು ಪ್ರದರ್ಶನಕ್ಕೆ ಹೋಗ್ತಾಳೆ, ಅದರಲ್ಲೊಂದು ಸರ್ ಜೋಶುವಾ ರೆನಾಲ್ಡ್ಸ್ ಚಿತ್ರಗಳದ್ದು. ಎಲ್ಲೂ ಸಿಗಲ್ಲ. ಅದೇ ಕಾಗದದಲ್ಲಿ ಮತ್ತೆ ಬರೀತಾಳೆ, ನಿರಾಸೆ ಆಯ್ತು, ಬಹುಶಃ ಮಿಸ್ಟರ್ ಡಾರ್ಸಿಗೆ ಹೆಂಡತಿ ಚಿತ್ರದ ಮೇಲೆ ಎಷ್ಟು ಪ್ರೀತಿ ಅಂದ್ರೆ ಹತ್ತು ಜನ ನೋಡೋ ಜಾಗದಲ್ಲಿ ಅದನ್ನ ಇಡೋಕೆ ಅವನಿಗೆ ಮನಸ್ಸು ಬಂದಿರಲಿಕ್ಕಿಲ್ಲ ಅಂತ!

ತಮಾಷೆಗೇ ಬರೆದಿದ್ದು, ಗೊತ್ತು. ಆದ್ರೆ ಗಮನಿಸಿ, ಪ್ರೀತಿ, ಅಭಿಮಾನ, ಸಂಕೋಚ ಮೂರೂ ಸೇರಿದ ಗಂಡ ಡಾರ್ಸಿ ಇಲ್ಲಿ ಎರಡು ಸಾಲಲ್ಲಿ ಎದ್ದು ಬಂದ. ಕಾದಂಬರೀಲಿ ಅವನು ಪ್ರೇಮಿ, ಇಲ್ಲಿ ಗಂಡ. ಹಸಿರು ಬಣ್ಣದ ವಿಷಯನೂ ಕಾದಂಬರೀಲಿ ಇಲ್ಲ. ಆಕೆ ತಾನೇ ಬಿಟ್ಟಿದ್ದನ್ನ ತಾನೇ ತುಂಬ್ತಿದಾಳೆ, ಬರೆದಿದ್ದನ್ನ ಮತ್ತೆ ಬರೀತಿಲ್ಲ.

ಮನೆ ಮಕ್ಕಳು ಕೇಳಿದ್ರೂ ಹೀಗೇ ಹೇಳ್ತಿದ್ಲಂತೆ. ಆಕೆ ಅಣ್ಣನ ಮಗ ಮುಂದೆ ಬರೆದ ಜೀವನಚರಿತ್ರೇಲಿ ಇದೆಲ್ಲ ಬಂದಿದೆ. ಎಮ್ಮಾ ಅನ್ನೋ ಕಾದಂಬರಿಯ ನಾಯಕಿ ಎಮ್ಮಾಳ ಅಪ್ಪ ಮಗಳ ಮದುವೆ ಆದ್ಮೇಲೆ ಇನ್ನೆರಡು ವರ್ಷ ಬದುಕಿದ್ದ, ಎಲಿಜಬೆತ್ ತಂಗಿ ಕಿಟ್ಟಿ ಬೆನೆಟ್ ಡಾರ್ಸಿಯ ಬಂಗಲೆ ಪೆಂಬರ್ಲಿ ಹತ್ತಿರದ ಒಬ್ಬ ಪಾದ್ರಿಯನ್ನ ಮದುವೆ ಆದ್ಲು, ಇನ್ನೊಬ್ಬ ತಂಗಿ, ಪುಸ್ತಕದ ಹುಳು ಮೇರಿಗೆ ಸಿಕ್ಕಿದ್ದು ವಕೀಲ ಫಿಲಿಪ್ಸ್ ಹತ್ರ ಕೆಲಸಕ್ಕಿದ್ದ ಒಬ್ಬ ಗುಮಾಸ್ತ.

ಗಾಜಿನ ಆಚೆಯಿಂದ ಆಗ್ಲೇ ಕೈ ತೋರಿಸ್ತಿದಾರೆ, ಆ ಪ್ರಸಂಗಕ್ಕೇ ಅರ್ಧ ಟೈಮ್ ಹೋಯ್ತು, ಹೋಗ್ಲಿ ಬಿಡಿ. ಬೇಗ ಬೇಗ ಹೇಳ್ತೀನಿ. 1850ರಲ್ಲಿ ಆಕೆ ಇನ್ನೊಬ್ಬ ಅಣ್ಣನ ಮಗಳು ಕ್ಯಾಥರೀನ್ ಹಬ್ಯಾಕ್, ಅತ್ತೆ ಅರ್ಧಕ್ಕೇ ಬಿಟ್ಟಿದ್ದ ದಿ ವಾಟ್ಸನ್ಸ್ ಕಥೆ ಇಟ್ಕೊಂಡು ಒಂದು ಕಾದಂಬರಿ ಮಾಡಿದ್ಲು. 1913ರ ಹೊತ್ತಿಗೆ ಸಿಬಿಲ್ ಬ್ರಿಂಟನ್ ಆರೂ ಕಾದಂಬರಿಗಳ ಪಾತ್ರಗಳನ್ನ ಒಂದೇ ಪುಸ್ತಕಕ್ಕೆ ತಂದು ಪರಸ್ಪರ ಸಂಬಂಧ ಕುದುರಿಸಿದ್ಲು, ಪೂರ್ಣ ಪ್ರಮಾಣದ ಮೊದಲನೇ ಸೀಕ್ವೆಲ್ ಅಂತ ಸಾಮಾನ್ಯವಾಗಿ ಹೇಳೋದು ಇದನ್ನೇ. ಆಮೇಲೆ 1995ರಲ್ಲಿ ಪ್ರೈಡ್ ಅಂಡ್ ಪ್ರೆಜುಡಿಸ್ ಮೇಲೆ ಬಿಬಿಸಿ ಸೀರಿಯಲ್ ಬಂತು, ಡಾರ್ಸಿ ಪಾತ್ರದ ಕಾಲಿನ್ ಫರ್ತ್ ಕೆರೆಗೆ ಧುಮುಕಿ ಒದ್ದೆ ಶರ್ಟಲ್ಲಿ ಎದ್ದು ಬಂದ, ಅದೇ ಹೊತ್ತಿಗೆ ಇಂಟರ್ನೆಟ್ಟೂ ಬಂತು, ಇನ್ನೇನು ಬೇಕು, ಕಟ್ಟೆ ಒಡೀತು. ಅಂದಹಾಗೆ ಆ ಕೆರೆ ಸೀನು ಕಾದಂಬರೀಲಿ ಇಲ್ವೇ ಇಲ್ಲ, ಸೀರಿಯಲ್‌ನವರು ಸೇರಿಸಿದ್ದು. ಎಷ್ಟೋ ಜನ ಅದನ್ನೇ ಆಸ್ಟಿನ್ ಅಂದ್ಕೊಂಡು ಬರೀತಾರೆ, ದಯವಿಟ್ಟು ಮೊದಲು ಕಾದಂಬರಿ ಓದಿ ಸ್ವಾಮಿ.

ಈಗ ಬರ್ತಿರೋದ್ರಲ್ಲಿ ಬೇಜಾರು ಯಾವುದು? ಅದೇ ಡ್ಯಾನ್ಸು, ಅದೇ ಡೈಲಾಗು, ಡಾರ್ಸಿ ಕಣ್ಣಿಂದ ಅಂತ ಹೆಸರಿಟ್ಟು ಮತ್ತೆ ಬರೆಯೋದು. ಬರೆದಿದ್ದನ್ನ ಮತ್ತೆ ಬರೀಬೇಡಿ ಅಂದ್ನಲ್ಲ, ಇದಕ್ಕೇ. 2009ರ ಪ್ರೈಡ್ ಅಂಡ್ ಪ್ರೆಜುಡಿಸ್ ಅಂಡ್ ಝಾಂಬೀಸ್ ಅನ್ನೋ ಪುಸ್ತಕನೂ ಅಷ್ಟೇ, ಬಹುಪಾಲು ಆಸ್ಟಿನ್ ವಾಕ್ಯಗಳೇ, ಮಧ್ಯೆ ಮಧ್ಯೆ ಎದ್ದು ಓಡಾಡೋ ಹೆಣಗಳು, ಹತ್ತು ಪುಟ ನಗು ಬರುತ್ತೆ, ಆಮೇಲೆ ಆಕಳಿಕೆ.

ಚೆನ್ನಾಗಿರೋದು ಯಾವುದು? ಬಿಂಗ್ಲಿಯ ನೆದರ್‌ಫೀಲ್ಡ್ ಮನೇಲಿ ನಡೆಯೋ ಬಾಲ್ ಡ್ಯಾನ್ಸಿಗೆ ಮೊದಲು ಮಳೆಯೋ ಮಳೆ, ಬೆನೆಟ್ ಹುಡುಗೀರಿಗೆ ಹೊರಗೆ ಕಾಲಿಡೋಕಾಗಲ್ಲ, ಶೂ ಮೇಲೆ ಕಟ್ಟೋ ರಿಬ್ಬನ್ ಹೂವನ್ನೂ ಬೇರೆಯವರ ಕೈಲಿ ತರಿಸಿದ್ರು ಅಂತ ಆಸ್ಟಿನ್ ಅರ್ಧ ವಾಕ್ಯ ಹೇಳಿ ಮುಂದಕ್ಕೆ ಹೋಗ್ತಾಳೆ. ಆ ಬೇರೆಯವರು ಯಾರ್ರೀ? ಮಳೇಲಿ ನೆಂದಿದ್ದು ಯಾರು? ಈ ಥರದ ಪ್ರಶ್ನೆ ಕೇಳಿದ್ದು ಜೋ ಬೇಕರ್, 2013ರ ಲಾಂಗ್‌ಬರ್ನ್ ಅನ್ನೋ ಕಾದಂಬರೀಲಿ. ಅಲ್ಲಿ ನಾಯಕಿ ಮನೆಗೆಲಸದ ಸಾರಾ. ಎಲಿಜಬೆತ್ ಕೆಸರಲ್ಲಿ ಮೂರು ಮೈಲಿ ನಡೆದಿದ್ದು ನಮಗೆಲ್ಲ ದೊಡ್ಡ ಧೈರ್ಯ ಅನ್ಸುತ್ತೆ, ಕೆಸರಾದ ಲಂಗ ಉಜ್ಜಿ ಕೈ ಒಡೆದುಕೊಂಡವಳಿಗೆ ಏನನ್ಸುತ್ತೆ? ಆಸ್ಟಿನ್‌ನ ಒಂದು ಸಾಲೂ ಅಳಿಸದೆ ಪೂರ್ತಿ ಬೇರೆ ಮನೆ ತೋರಿಸಿದಾಳೆ. ಪಿ.ಡಿ. ಜೇಮ್ಸ್ ತೊಂಬತ್ತು ದಾಟಿದ ಮೇಲೆ 2011ರಲ್ಲಿ ಪೆಂಬರ್ಲಿ ಕಾಡಲ್ಲಿ ಒಂದು ಕೊಲೆ ಮಾಡಿಸಿದ್ಲು, ಅದರ ಬಗ್ಗೆ ಹೇಳೋಕೆ ಟೈಮಿಲ್ಲ, ಓದಿ.

ಬರೆಯೋ ಆಸೆ ಇರೋರಿಗೆ ಕೊನೇದಾಗಿ ಒಂದು ವಿಷಯ ಕೊಡ್ತೀನಿ. ಮೇರಿ ಗುಮಾಸ್ತನ್ನ ಮದುವೆ ಆದ್ಲು ಅಂದ್ನಲ್ಲ, ಆ ಗುಮಾಸ್ತನಿಗೆ ಹೆಸರಿಲ್ಲ. ಫಿಲಿಪ್ಸ್ ಅಂದ್ರೆ ಮೇರಿಯ ತಾಯಿಯ ಸ್ವಂತ ಅಕ್ಕತಂಗೀಲಿ ಒಬ್ಬಳ ಗಂಡ, ಮೆರಿಟನ್‌ನಲ್ಲಿ ವಕೀಲ. ಅವನೂ ಮೊದಲು ಗುಮಾಸ್ತನೇ, ಮಾವನ ಆಫೀಸಲ್ಲೇ ಇದ್ದು, ಅವರ ಮಗಳನ್ನ ಮದುವೆ ಆಗಿ, ಆ ವ್ಯವಹಾರಕ್ಕೇ ಯಜಮಾನ ಆದವನು. ಈಗ ಅದೇ ಆಫೀಸಲ್ಲಿ ಇನ್ನೊಬ್ಬ ಗುಮಾಸ್ತ ಕೂತಿದಾನೆ, ಅದೇ ಮನೆತನದ ಇನ್ನೊಂದು ಹುಡುಗಿ ಕೈಯಲ್ಲಿ ಪುಸ್ತಕ ಹಿಡ್ಕೊಂಡು ಬರ್ತಾಳೆ. ಆಸ್ಟಿನ್ ಇಷ್ಟು ಹೇಳಿ ಬಿಟ್ಟಿದಾಳೆ. ಕಾಪಿರೈಟ್ ತಕರಾರೂ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಬರೀರಿ. ನಮಸ್ಕಾರ.