ರಾತ್ರಿ ವಿಮಾನದ ದೀಪ ಯಾರಿಗೆ?

ಕೇಳುಗರಿಗೆಲ್ಲ ನಮಸ್ಕಾರ.

2023ರ ಆಗಸ್ಟ್ 31ರಂದು ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಲ್ಲಿ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಆಮೇಲೆ ನಮ್ಮ ಶಿವಮೊಗ್ಗ ಕಡೆ ವಿಮಾನದ ಮಾತು ಸ್ವಲ್ಪ ಜಾಸ್ತಿಯೇ ಆಗಿದೆ. ದೊಡ್ಡವರು ಟಿಕೆಟ್ ದರ ಕೇಳುತ್ತಾರೆ. ಮಕ್ಕಳು ಕೇಳುವುದೇ ಬೇರೆ: ರಾತ್ರಿ ಹೋಗುವ ವಿಮಾನ ಯಾಕೆ ಮಿಣಮಿಣ ಅನ್ನುತ್ತೆ? ಮೇಲೆ ತಿರುವಿಲ್ಲ, ಹಳ್ಳವಿಲ್ಲ, ದನ ಅಡ್ಡ ಬರುವುದಿಲ್ಲ. ಮತ್ತೆ ದೀಪ ಯಾಕೆ?

ಒಳ್ಳೆಯ ಪ್ರಶ್ನೆ. ಆ ದೀಪ ಪೈಲಟ್‌ಗೆ ದಾರಿ ತೋರಿಸಲು ಇರುವುದಲ್ಲ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಬೆಳಕು ಬೀಳಲು ಎದುರಿಗೆ ಏನಾದರೂ ಇರಬೇಕಲ್ಲ? ದಾರಿ ತಿಳಿಯಲು ಪೈಲಟ್ ನೋಡುವುದು ಮುಂದಿರುವ ಉಪಕರಣಗಳನ್ನು. ದೀಪ ಉರಿಯುವುದು ಬೇರೆಯವರಿಗೆ ತಾನು ಕಾಣಲಿ ಅಂತ.

ಕರೆಂಟ್ ಹೋದ ರಾತ್ರಿ, ಮೋಡ ಇಲ್ಲದಾಗ, ಅಂಗಳಕ್ಕೆ ಬಂದು ನೋಡಿ. ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲ ರೆಕ್ಕೆಯ ತುದಿಯಲ್ಲಿ ಹಸಿರು, ಹಿಂದೆ ಬಿಳಿ. ಇವು ನ್ಯಾವಿಗೇಷನ್ ದೀಪಗಳು, ಮಿನುಗದೆ ಒಂದೇ ಸಮನೆ ಉರಿಯುತ್ತವೆ. ಕೆಂಪು, ಹಸಿರಿನ ಈ ಪದ್ಧತಿ ಬಂದದ್ದು ಹಡಗುಗಳಿಂದ. ಒಂದೊಂದು ದೀಪವೂ ಇಂತಿಷ್ಟೇ ದಿಕ್ಕಿಗೆ ಕಾಣುವ ಹಾಗೆ ಮಾಡಿರುತ್ತಾರೆ. ರೆಕ್ಕೆಯದು ನೇರ ಮುಂದಿನಿಂದ ತನ್ನ ಪಕ್ಕಕ್ಕೆ 110 ಡಿಗ್ರಿಯವರೆಗೆ, ಹಿಂದಿನದು ಉಳಿದ 140 ಡಿಗ್ರಿಗೆ. ಕೂಡಿಸಿದರೆ ಸುತ್ತ 360.

ಇದರಿಂದ ಏನಾಗುತ್ತದೆ ಅಂದರೆ, ಬಣ್ಣ ನೋಡಿಯೇ ವಿಮಾನ ಯಾವ ಕಡೆ ಹೊರಟಿದೆ ಅಂತ ಹೇಳಬಹುದು. ದೂರದಲ್ಲಿ ಕೆಂಪು ಮಾತ್ರ ಕಂಡರೆ ಅದು ನಿಮ್ಮ ಬಲಗಡೆಯಿಂದ ಎಡಗಡೆಗೆ ಹೋಗುತ್ತಿದೆ. ಹಸಿರು ಮಾತ್ರ ಕಂಡರೆ ಎಡದಿಂದ ಬಲಕ್ಕೆ. ಬಿಳಿ ಒಂದೇ ಕಂಡರೆ ನಿಮಗೆ ಬೆನ್ನು ಹಾಕಿ ಹೊರಟಿದೆ. ಕೆಂಪು, ಹಸಿರು ಎರಡೂ ಕಂಡು, ಹಸಿರು ನಿಮ್ಮ ಎಡಕ್ಕಿದ್ದರೆ ನೇರ ನಿಮ್ಮತ್ತಲೇ ಬರುತ್ತಿದೆ. ಅಂಗಳದಲ್ಲಿ ನಿಂತವರಿಗೆ ಇದು ಆಟ. ಇನ್ನೊಂದು ವಿಮಾನದ ಪೈಲಟ್‌ಗೆ ಹಾಗಲ್ಲ. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನ ಎದುರುಬದುರು ಬಂದರೆ ನಡುವಿನ ದೂರ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಕರಗುತ್ತದೆ. ಹದಿನೈದು ಕಿಲೋಮೀಟರ್ ಆಚೆ ಕಂಡರೂ ಸಿಗುವುದು ಬರೀ ಅರ್ಧ ನಿಮಿಷ.

ಮಿಣಮಿಣ ಅನ್ನುವುದು ಬೇರೆ ದೀಪ. ರೆಕ್ಕೆಯ ತುದಿಯಲ್ಲಿ ಫಳಕ್ಕನೆ ಹೊಳೆಯುವ ಬಿಳಿಯದು ಸ್ಟ್ರೋಬ್. ಬಹಳ ದೂರದಿಂದ ಮೊದಲು ಕಣ್ಣಿಗೆ ಬೀಳುವುದೇ ಇದು. ಆದರೆ ದಟ್ಟ ಮೋಡದೊಳಗೆ ಪೈಲಟ್‌ಗಳು ಇದನ್ನು ಆರಿಸುವುದೂ ಉಂಟು. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಮಂಜಿಗೆ ಸಿಕ್ಕ ಡ್ರೈವರ್ ಹೈಬೀಮ್ ಹಾಕಿದರೆ ಏನಾಗುತ್ತೆ ಹೇಳಿ? ಬೆಳಕೆಲ್ಲ ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಮೋಡದಲ್ಲೂ ಅದೇ ಕಥೆ.

ಇನ್ನು ಹೊಟ್ಟೆಯ ಕೆಳಗೆ ಮಿನುಗುವ ಕೆಂಪು ದೀಪ, ಬೀಕನ್. ಇದು ಮುಖ್ಯವಾಗಿ ನೆಲದ ಮೇಲೆ ಕೆಲಸ ಮಾಡುವವರಿಗೆ. ಎಂಜಿನ್ ಶುರು ಮಾಡುವ ಮೊದಲೇ ಹಾಕುತ್ತಾರೆ, ಎಂಜಿನ್ ಪೂರ್ತಿ ನಿಂತ ಮೇಲೇ ಆರಿಸುತ್ತಾರೆ. ಅಲ್ಲಿಯವರೆಗೆ ಹತ್ತಿರ ಸುಳಿಯಬೇಡಿ ಅಂತ ಅರ್ಥ. ಸೋಗಾನೆಗೆ ಬಂದ ಮೊದಲ ವಿಮಾನ ಎಟಿಆರ್, ರೆಕ್ಕೆಗೆ ದೊಡ್ಡ ಪಂಕ ಇರುವಂಥದ್ದು. ಜೋರಾಗಿ ತಿರುಗುವಾಗ ಆ ಪಂಕ ಹಗಲಲ್ಲೇ ಸರಿಯಾಗಿ ಕಾಣುವುದಿಲ್ಲ, ಕತ್ತಲಲ್ಲಂತೂ ಕೇಳಲೇಬೇಡಿ.

ಹಾಗಾದರೆ ದಾರಿ ತೋರಿಸುವ ದೀಪ ಇಲ್ಲವೇ ಇಲ್ಲವಾ? ಇದೆ. ಇಳಿಯುವಾಗ ರನ್‌ವೇ ಕಾಣಲು ಲ್ಯಾಂಡಿಂಗ್ ದೀಪ, ನೆಲದಲ್ಲಿ ಸಾಗಲು ಟ್ಯಾಕ್ಸಿ ದೀಪ. ಲ್ಯಾಂಡಿಂಗ್ ದೀಪವನ್ನು ಸಾಮಾನ್ಯವಾಗಿ ಹತ್ತು ಸಾವಿರ ಅಡಿಗಿಂತ ಕೆಳಗೆ ಹಗಲಲ್ಲೂ ಹಾಕಿಯೇ ಇಡುತ್ತಾರೆ. ಅದು ಮತ್ತೆ ಬೇರೆ ವಿಮಾನಗಳಿಗೆ ಕಾಣಲಿ ಅಂತಲೇ. ಬಾಲದ ಮೇಲಿನ ಕಂಪನಿ ಗುರುತಿಗೆ ಬೀಳುವ ಬೆಳಕೂ ಒಂದಿದೆ. ನನ್ನನ್ನು ಕೇಳಿದರೆ ಅದರಲ್ಲಿ ಮುಕ್ಕಾಲು ಪಾಲು ಜಾಹೀರಾತು.

ದೀಪ ಇದ್ದ ಮಾತ್ರಕ್ಕೆ ಸಾಕಾ? ಸಾಲದು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ತೀರಿಕೊಂಡರು. ಅದಾದ ಮೇಲೆ ನಮ್ಮ ದೇಶದಲ್ಲಿ, ಹತ್ತಿರ ಬರುವ ವಿಮಾನದ ಬಗ್ಗೆ ಎಚ್ಚರಿಸುವ ಟಿಕಾಸ್ ಉಪಕರಣ ಕಡ್ಡಾಯವಾಯಿತು. ಹಾಗಂತ ದೀಪವನ್ನು ಯಾರೂ ಕೈಬಿಟ್ಟಿಲ್ಲ. ಎಷ್ಟೋ ವಿಮಾನಗಳಲ್ಲಿ ಇವತ್ತಿಗೂ ನ್ಯಾವಿಗೇಷನ್ ದೀಪ ಎರಡೆರಡು ಜೊತೆ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ.

ನಮಸ್ಕಾರ.